ಡೊಂಬಿವಲಿಯಲ್ಲಿ ಇಳಿದ ಮೇಲೆ ಇನ್ನೊಂದು ದುಡಿಮೆ

ಪಾರ್ಟ್‌ಟೈಮ್ ಏನಾದ್ರೂ ಮಾಡಬಹುದಾ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ, ರಾತ್ರಿ ಮನೆಗೆ ಎಷ್ಟೊತ್ತಿಗೆ ಬರ್ತೀರಿ? ನನ್ನ ಮನೆ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಆಫೀಸು ಮುಂಬೈಯ ಅಂಧೇರಿಯಲ್ಲಿ. ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೊ, ಕೊನೆಗೆ ರಿಕ್ಷಾ. ಹೋಗಿಬರುವುದಕ್ಕೇ ಮೂರು ಗಂಟೆ. ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆದು ಕೆಲಸ ಮುಗಿಸ್ತೀನಿ ಅಂತ ಮೊದಮೊದಲು ಅಂದುಕೊಂಡಿದ್ದೆ. ಸಂಜೆಯ ಗಾಡಿಯಲ್ಲಿ ಮೂಗು ತುರಿಸಿಕೊಳ್ಳೋಕೂ ಕೈ ಎತ್ತಲಾಗುವುದಿಲ್ಲ, ಇನ್ನು ಲ್ಯಾಪ್‌ಟಾಪ್ ಎಲ್ಲಿ ಬಂತು! ಒಂದು ವಾರ ನಿಮಗೆ ನಿಜವಾಗಿ ಸಿಗುವ ಹೊತ್ತನ್ನು ಬರೆದಿಡಿ. ನನಗೆ ಸಿಕ್ಕಿದ್ದು ಆರು ಗಂಟೆ, ಅದರಲ್ಲಿ ಮೂರು ಶನಿವಾರ ಬೆಳಿಗ್ಗೆ. ಈ ಆರು ಗಂಟೆಗೆ ಹಿಡಿಸದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಬೇಡ.

ಆಮೇಲೆ, ಕೆಲಸಕ್ಕೆ ಸೇರುವಾಗ ಓದದೇ ಸಹಿ ಹಾಕಿದ ಆ ಕಾಗದ ಇದೆಯಲ್ಲ, ಅದನ್ನು ಹುಡುಕಿ, ಹೊರಗಿನ ಕೆಲಸದ ಬಗ್ಗೆ ಏನು ಬರೆದಿದೆ ಅಂತ ಓದಿ. 2022ರಲ್ಲಿ ವಿಪ್ರೊ 300 ಜನರನ್ನು ಎದುರಾಳಿ ಕಂಪನಿಗಳಿಗೂ ದುಡಿಯುತ್ತಿದ್ದಾರೆ ಅಂತ ಮನೆಗೆ ಕಳಿಸಿತು. ಅದೇ ವರ್ಷ ಇನ್ಫೋಸಿಸ್, ಮ್ಯಾನೇಜರ್ ಮತ್ತು ಎಚ್ಆರ್ ಒಪ್ಪಿದರೆ ಬಿಡುವಿನಲ್ಲಿ ಹೊರಗಿನ ಸಣ್ಣಪುಟ್ಟ ಕೆಲಸ ಮಾಡಬಹುದು ಎಂದಿತು. ಅಂದರೆ ಕೇಳಿದರೆ ಸಿಗಬಹುದು, ಕದ್ದು ಮಾಡಿದರೆ ತೊಂದರೆ. ನಾನು ಎರಡು ಸಾಲಿನ ಮೇಲ್ ಹಾಕಿದೆ, ಸರಿ ಅಂತ ಉತ್ತರ ಬಂತು, ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಸರ್ಕಾರಿ ನೌಕರಿಯವರಿಗೆ ನಿಯಮ ಇನ್ನೂ ಬಿಗಿ, ಮೇಲಿನವರ ಅನುಮತಿ ಇಲ್ಲದೆ ಕೈ ಹಾಕಬೇಡಿ.

ಈಗ ಏನು ಮಾರುವುದು? ಹೊಸದೊಂದು ಕೋರ್ಸ್ ಕಲಿತು ಶುರು ಮಾಡ್ತೀನಿ ಅನ್ನುವವರು ಸಾಮಾನ್ಯವಾಗಿ ಕೋರ್ಸಿನಲ್ಲೇ ನಿಂತುಬಿಡ್ತಾರೆ (ನಾನೂ ಎರಡು ಕೋರ್ಸಿಗೆ ದುಡ್ಡು ಕಟ್ಟಿ ಕೂತಿದ್ದವನೇ). ಕೈಯಲ್ಲಿ ಇರುವುದನ್ನು ನೋಡಿ. ಊರಲ್ಲಿ ಎಲ್ಲರಿಗೂ ಬರುವ ಕನ್ನಡ ಮುಂಬೈಯಲ್ಲಿ ಕೆಲವರಿಗಷ್ಟೇ ಬರುತ್ತದೆ. ಅದಕ್ಕೆ ಮರಾಠಿ, ಹಿಂದಿ, ಇಂಗ್ಲಿಷ್ ಸೇರಿದರೆ ಅನುವಾದ, ಸಬ್‌ಟೈಟಲ್, ಪ್ರೂಫ್ ನೋಡುವುದು, ದನಿ ಚೆನ್ನಾಗಿದ್ದರೆ ಡಬ್ಬಿಂಗ್, ಇಷ್ಟು ದಾರಿಗಳಿವೆ. ನಾನು ಹಿಡಿದದ್ದು ಅನುವಾದ.

ಇದರಲ್ಲಿ ಪದದ ಲೆಕ್ಕಕ್ಕೆ ದುಡ್ಡು. ರೇಟು ಕೇಳಿ ಖುಷಿಪಡುವ ಮೊದಲು ಗಡಿಯಾರ ಇಟ್ಟುಕೊಂಡು 300 ಪದ ಮಾಡಿ ನೋಡಿ. ಗಂಟೆಗೆ 250 ಪದ ಆಗುತ್ತದೆ ಅಂತಿಟ್ಟುಕೊಳ್ಳಿ. ಪದಕ್ಕೆ 1 ರೂಪಾಯಿ ಕೊಟ್ಟರೆ ಗಂಟೆಗೆ 250, 40 ಪೈಸೆ ಕೊಟ್ಟರೆ ಬರೀ 100. ಈಗ ಯಂತ್ರ ಮಾಡಿದ ಅನುವಾದ ಕೊಟ್ಟು "ಸ್ವಲ್ಪ ತಿದ್ದಿಕೊಡಿ" ಅನ್ನುವವರೂ ಇದ್ದಾರೆ. ರೇಟು ಅರ್ಧ, ಆದರೆ ಕೆಟ್ಟ ವಾಕ್ಯ ಬಿಡಿಸುವುದಕ್ಕೆ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಬೇಕಾಗುತ್ತದೆ. ಮೊದಲು ಒಂದು ಪುಟ ನೋಡಿ ಒಪ್ಪಿಕೊಳ್ಳಿ. ಫೈಲು ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಕ್ಷರದಲ್ಲಿ ಬೇಕಾ, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೇಕಾ ಅಂತಲೂ ಮೊದಲೇ ಕೇಳಿ, ಪ್ರಿಂಟಿಂಗ್ ಪ್ರೆಸ್ಸಿನವರಲ್ಲಿ ಕೆಲವರು ಇನ್ನೂ ನುಡಿ ಬಿಟ್ಟಿಲ್ಲ.

ಸ್ಯಾಂಪಲ್ ಕೇಳಿದರೆ 200 ಪದ ಸುಮ್ನೆ ಮಾಡಿಕೊಡಬಹುದು. 2,000 ಪದದ ಸ್ಯಾಂಪಲ್ ಅಂದರೆ ಅದು ಬಿಟ್ಟಿ ಕೆಲಸ. ನನಗೆ ಒಬ್ಬರು ಇಡೀ ಕೈಪಿಡಿ ಮಾಡಿಸಿಕೊಂಡು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಮಾತೆಲ್ಲ ಫೋನಿನಲ್ಲೇ ಆಗಿತ್ತು, ತೋರಿಸೋಕೆ ಒಂದು ಸಾಲೂ ಇರಲಿಲ್ಲ. ಅಲ್ಲಿಂದ ಪದ ಎಷ್ಟು, ರೇಟು ಎಷ್ಟು, ದುಡ್ಡು ಯಾವ ದಿನ, ಮೂರೂ ಮೇಲ್‌ನಲ್ಲಿ ಬರುವವರೆಗೆ ಫೈಲ್ ತೆರೆಯುವುದಿಲ್ಲ.

ಬರವಣಿಗೆ ಆಗಿಬರದಿದ್ದರೆ ನಿಮ್ಮ ಹೌಸಿಂಗ್ ಸೊಸೈಟಿಯ ಕನ್ನಡದ ಮನೆಗಳ ಮಕ್ಕಳಿಗೆ ಕನ್ನಡ ಓದಲು ಕಲಿಸಿ. ಇಲ್ಲೇ ಹುಟ್ಟಿದವು, ಅಜ್ಜಿ ಜೊತೆ ಮಾತಾಡುತ್ತವೆ, ಅಕ್ಷರ ಬರುವುದಿಲ್ಲ. ಬಾಯಿಮಾತಲ್ಲೇ ಸುದ್ದಿ ಹಬ್ಬುತ್ತದೆ, ಕನ್ನಡ ಸಂಘದಲ್ಲಿ ಒಂದು ಮಾತು ಹೇಳಿಟ್ಟರೆ ಇನ್ನೂ ಒಳ್ಳೆಯದು.

ತಿಂಡಿ ಮಾಡುವವರಿಗೆ ಸಾರಿನ ಪುಡಿ, ಕೋಡುಬಳೆ, ಶೇಂಗಾ ಹೋಳಿಗೆ ಇದ್ದೇ ಇದೆ. ಮನೆಯಿಂದ ಮಾರಿದರೂ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಕೆಡದ ಪದಾರ್ಥದಿಂದ ಶುರು ಮಾಡಿ, ವಾರದ ದಿನ ಬಿಸಿ ಅಡುಗೆ ಅಂದರೆ ಅದು ಇನ್ನೊಂದು ಫುಲ್‌ಟೈಮ್ ನೌಕರಿ.

ವಿಡಿಯೊಗೆ ಲೈಕ್ ಒತ್ತಿ ದಿನಕ್ಕೆ ಸಾವಿರಾರು ಗಳಿಸಿ ಅನ್ನುವ ಟೆಲಿಗ್ರಾಂ ಮೆಸೇಜ್ ಮೋಸ. ಮೊದಲು ನೂರಿನ್ನೂರು ನಿಜವಾಗಿಯೇ ಹಾಕುತ್ತಾರೆ, ನಂಬಿಕೆ ಬಂದ ಮೇಲೆ ಡೆಪಾಸಿಟ್ ಕೇಳುತ್ತಾರೆ. ಕೆಲಸ ಕೊಡೋಕೆ ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ತೆರಿಗೆ. ಸಂಬಳ ಮಾತ್ರ ಇದ್ದಾಗ ತುಂಬುತ್ತಿದ್ದ ಆದಾಯ ತೆರಿಗೆ ರಿಟರ್ನ್ ಫಾರಂ ಐಟಿಆರ್-1 ಇನ್ನು ನಡೆಯುವುದಿಲ್ಲ, ಇಂಥ ಗಳಿಕೆಗೆ ಐಟಿಆರ್-3 ಅಥವಾ 4 ಬೇಕು. ಟಿಡಿಎಸ್ (ದುಡ್ಡು ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಕಳೆದು ವರ್ಷದ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆಯನ್ನೂ ಕಟ್ಟಬೇಕು. ನಾನು ಮೊದಲ ವರ್ಷ ಬಂದದ್ದನ್ನೆಲ್ಲ ಖರ್ಚು ಮಾಡಿ, ಮನೆಗೆ ಹೊಸ ಮಿಕ್ಸರ್ ತಂದು, ಜುಲೈನಲ್ಲಿ ತೆರಿಗೆಯನ್ನು ಸಂಬಳದಿಂದ ಕಟ್ಟಿದೆ. ಈಗ ಪ್ರತಿ ಬಿಲ್ಲಿನ ಮೂರನೇ ಒಂದು ಭಾಗ ಬಂದ ದಿನವೇ ಬೇರೆ ಖಾತೆಗೆ ಹೋಗುತ್ತದೆ. ಆ ಖಾತೆಯ ಎಟಿಎಂ ಕಾರ್ಡು ಹೆಂಡತಿಯ ಹತ್ತಿರ ಇದೆ.