ಮೆಕ್ಸಿಕೊ ಸಿಟಿಗೆ ಬಂದಿಳಿದ ಕನ್ನಡಿಗರಿಗೆ: ಎಲ್ ಸಾಂತೊ ಅವರನ್ನು ಅರಿತು ಅಖಾಡಕ್ಕೆ ಹೋಗಿ

ಕೆಲಸದ ನಿಮಿತ್ತ ಮೆಕ್ಸಿಕೊ ಸಿಟಿಗೆ ಬರುವ ನಮ್ಮವರಿಗೆ ಬಾಡಿಗೆ ಮನೆ ಹುಡುಕಿಕೊಡಲು, ತೊಗರಿಬೇಳೆ ಎಲ್ಲಿ ಸಿಗುತ್ತದೆಂದು ತೋರಿಸಲು ಇಲ್ಲಿ ಈಗಾಗಲೇ ನೆಲೆಸಿರುವವರಿದ್ದಾರೆ. ನಾನು ಹೇಳಹೊರಟಿರುವುದು ಅದಲ್ಲ. ಟಾಕೊ ಅಂಗಡಿಯ ಗೋಡೆಯ ಮೇಲೆ, ಸಂತೆಯ ಆಟಿಕೆಗಳ ನಡುವೆ, ಮಕ್ಕಳ ಅಂಗಿಗಳ ಮೇಲೆ ಒಂದು ಬೆಳ್ಳಿ ಬಣ್ಣದ ಮುಖವಾಡ ನಿಮಗೆ ಬೇಗನೆ ಕಾಣಿಸುತ್ತದೆ. ಅದು ಎಲ್ ಸಾಂತೊ, ಅಂದರೆ ‘ಸಂತ’ ಎಂಬ ಹೆಸರಿನ ಕುಸ್ತಿಪಟುವಿನದು. ಈ ಊರಿನವರೊಡನೆ ಹತ್ತಿರವಾಗಿ ಬಾಳಬೇಕೆನ್ನುವವರು ಅವರ ಕತೆಯನ್ನು ತಿಳಿದಿರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಂದ ಹೊಸತರಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಕಚೇರಿಯಲ್ಲಿ ಊಟಕ್ಕೆ ಕುಳಿತಿದ್ದಾಗ, ಇಲ್ಲಿನ ‘ಲೂಚಾ ಲಿಬ್ರೆ’ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆಯಲ್ಲವೇ ಎಂದು ಕೇಳಿಬಿಟ್ಟೆ. ಮೇಜಿನ ಸುತ್ತ ಮಾತು ನಿಂತಿತು. ಹಿರಿಯ ಸಹೋದ್ಯೋಗಿಯೊಬ್ಬರು ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟು, “ನಮ್ಮ ತಂದೆ ಸಾಂತೊ ಅವರ ಅಂತ್ಯಯಾತ್ರೆಗೆ ಹೋಗಿದ್ದರು” ಎಂದಷ್ಟೇ ಹೇಳಿದರು. ಯಕ್ಷಗಾನದ ಗದಾಯುದ್ಧದಲ್ಲಿ ಕೌರವ ಸೋಲುತ್ತಾನೆಂದು ಗೊತ್ತಿದ್ದೂ ನಾವು ಬೆಳಗಿನವರೆಗೆ ಕುಳಿತಿರುತ್ತೇವೆ. ಆ ಭಾವದಿಂದಲೇ ಇದನ್ನೂ ನೋಡಬೇಕೆಂಬುದು ನನಗೆ ಹೊಳೆದದ್ದು ಆ ದಿನ.

ಸಾಂತೊ ಅವರ ನಿಜನಾಮ ರೊದೊಲ್ಫೊ ಗುಸ್ಮಾನ್ ಉವೆರ್ತಾ. 1917ರ ಸೆಪ್ಟೆಂಬರ್ 23ರಂದು ಇದಾಲ್ಗೊ ರಾಜ್ಯದ ತುಲಾನ್ಸಿಂಗೊದಲ್ಲಿ ಹುಟ್ಟಿದರು. ಕುಟುಂಬ ರಾಜಧಾನಿಗೆ ವಲಸೆ ಬಂದಾಗ ಇನ್ನೂ ಬಾಲಕ. ಸಾಲ್ವದೋರ್ ಲುತ್ತೆರೋತ್ ಎಂಬವರು 1933ರಲ್ಲಿ ಕಟ್ಟಿದ ಸಂಸ್ಥೆಯಿಂದಾಗಿ ಕುಸ್ತಿ ಈ ನಗರದಲ್ಲಿ ಬೇರೂರುತ್ತಿದ್ದ ಕಾಲವದು. ರೊದೊಲ್ಫೊ ಹಲವು ವೇಷ, ಹಲವು ಹೆಸರುಗಳಲ್ಲಿ ಸೆಣಸಿ ನೋಡಿದರೂ ಯಾವುದೂ ಕೈಹಿಡಿಯಲಿಲ್ಲ. ‘ಎರಡನೆಯ ಬಾವಲಿ’ ಎಂಬ ಹೆಸರಿಟ್ಟುಕೊಂಡಾಗಲಂತೂ ಮೂಲ ‘ಬಾವಲಿ’ ಕುಸ್ತಿಪಟು ಆಕ್ಷೇಪಿಸಿದ್ದರಿಂದ ಅದನ್ನೂ ಬಿಡಬೇಕಾಯಿತು. 1942ರಲ್ಲಿ ಬೆಳ್ಳಿ ಉಡುಪಿನ ತಂಡವೊಂದನ್ನು ಕಟ್ಟಲು ಹೊರಟ ತರಬೇತುದಾರರು ಸಂತ, ದೆವ್ವ, ದೇವದೂತ ಎಂಬ ಮೂರು ಹೆಸರುಗಳನ್ನು ಮುಂದಿಟ್ಟಾಗ ಅವರು ಮೊದಲನೆಯದನ್ನು ಆರಿಸಿಕೊಂಡರು. ಅದೇ ವರ್ಷ ಜುಲೈ 26ರಂದು ಎಂಟು ಮಂದಿಯ ಕಾಳಗದಲ್ಲಿ ಆ ಹೆಸರಿನಿಂದ ಮೊದಲ ಬಾರಿ ಇಳಿದರು.

ಇಲ್ಲಿ ಎರಡು ಪದಗಳನ್ನು ಕಲಿತುಕೊಳ್ಳಿ. ನಿಯಮ ಮುರಿದು, ತೀರ್ಪುಗಾರನ ಕಣ್ಣು ತಪ್ಪಿಸಿ ಹೊಡೆಯುವವರು ‘ರೂಡೊ’ಗಳು; ಪಟ್ಟುಗಳ ಬಲದಿಂದಲೇ ಗೆಲ್ಲಬೇಕೆನ್ನುವವರು ‘ತೆಕ್ನಿಕೊ’ಗಳು. ಸಂತನೆಂಬ ಹೆಸರು ಹೊತ್ತವರು ಸುಮಾರು ಇಪ್ಪತ್ತು ವರ್ಷ ರೂಡೊ ಆಗಿಯೇ ಇದ್ದು, 1962ರಲ್ಲಿ ತೆಕ್ನಿಕೊ ಆದರು. ಜನ ಅವರನ್ನು ಎರಡೂ ಪಾತ್ರಗಳಲ್ಲಿ ಪ್ರೀತಿಸಿದರು.

ಎಲ್ಲಕ್ಕಿಂತ ಮುಖ್ಯವಾದುದು ಮುಖವಾಡದ ಮರ್ಯಾದೆ. ನಮ್ಮ ಗರಡಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಅಲ್ಲಿಗೆ ಮುಗಿಯಿತು. ಸೋತವನು ಮೈಯ ಮಣ್ಣು ಕೊಡವಿಕೊಂಡು ಮತ್ತೊಂದು ದಿನ ಬರುತ್ತಾನೆ. ಇಲ್ಲಿ ಮುಖವಾಡವನ್ನೇ ಪಣಕ್ಕಿಟ್ಟು ಸೆಣಸುವ ಪದ್ಧತಿಯಿದ್ದು, ಸೋತವರು ಸಾವಿರಾರು ಜನರೆದುರು ಅದನ್ನು ಕಳಚಿ ತಮ್ಮ ನಿಜನಾಮವನ್ನು ಹೇಳಬೇಕು, ಆ ಮುಖವಾಡವನ್ನು ಮತ್ತೆಂದೂ ಧರಿಸುವಂತಿಲ್ಲ. 1952ರ ನವೆಂಬರ್ 7ರಂದು ಈ ನಗರದ ಅರೆನಾ ಕೊಲಿಸೆಯೊ ಅಖಾಡದಲ್ಲಿ ಸಾಂತೊ ಹೀಗೆ ಬ್ಲ್ಯಾಕ್ ಶ್ಯಾಡೊ ಅವರ ಮುಖವಾಡ ಗೆದ್ದ ಪಂದ್ಯವನ್ನು ಇಲ್ಲಿನ ಹಿರಿಯರು ಇಂದಿಗೂ ಚರ್ಚಿಸುತ್ತಾರೆ. ಸೋತವರ ಜೊತೆಗಾರ ಬ್ಲೂ ಡೀಮನ್ ಆ ಸೋಲಿನ ಲೆಕ್ಕ ತೀರಿಸಲು ಹೊರಟು, ಮರುವರ್ಷವೇ ಸಾಂತೊ ಅವರನ್ನು ಮಣಿಸಿದರು. ನಿಮ್ಮ ನೆರೆಯವರಲ್ಲಿ ಸಾಂತೊ ಪಕ್ಷ, ಡೀಮನ್ ಪಕ್ಷ ಎರಡೂ ಇರಬಹುದಾದ್ದರಿಂದ ಅರಿಯದೆ ಒಂದು ಕಡೆ ವಾಲಬೇಡಿ.

ಕಾಮಿಕ್ಸ್ ಪುಸ್ತಕಗಳು 1952ರಿಂದ ಅವರನ್ನು ಮನೆಮನೆಗೆ ತಲುಪಿಸಿದವು. 1958ರಲ್ಲಿ ಕ್ಯೂಬಾದಲ್ಲಿ ಮೊದಲ ಸಿನಿಮಾಗಳ ಚಿತ್ರೀಕರಣವಾಯಿತು; ಮುಂದೆ ಐವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ರಕ್ತಪಿಶಾಚಿಗಳೊಡನೆ, ಹುಚ್ಚು ವಿಜ್ಞಾನಿಗಳೊಡನೆ ಹೋರಾಡಿದರು. ಊಟ ಮಾಡಲೆಂದು ಗಲ್ಲದ ಭಾಗ ತೆರೆದಿದ್ದ ಬೇರೊಂದು ಮುಖವಾಡವಿತ್ತಂತೆ. ಗಡಿ ತಪಾಸಣೆಯಲ್ಲಿ ಮುಖ ತೋರಿಸಲೇಬೇಕಾದ್ದರಿಂದ, ಜೊತೆಯವರು ನೋಡಬಾರದೆಂದು ಪ್ರತ್ಯೇಕ ವಿಮಾನದಲ್ಲಿ ಪ್ರಯಾಣಿಸುತ್ತಿದ್ದರೆಂದೂ ಹೇಳುತ್ತಾರೆ. ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

1982ರ ಸೆಪ್ಟೆಂಬರ್‌ನಲ್ಲಿ, ಅರವತ್ತೈದರ ಹೊಸ್ತಿಲಲ್ಲಿ ಅವರು ಅಖಾಡಕ್ಕೆ ವಿದಾಯ ಹೇಳಿದರು. 1984ರ ಆರಂಭದಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ, ಯಾರೂ ನಿರೀಕ್ಷಿಸಿರದ ಹೊತ್ತಿನಲ್ಲಿ, ಮುಖವಾಡವನ್ನು ತುಸು ಮೇಲೆತ್ತಿ ಮುಖದ ಒಂದು ಭಾಗವನ್ನು ತೋರಿಸಿದರು. ಅದಾಗಿ ಕೆಲವೇ ದಿನಗಳಲ್ಲಿ, ಫೆಬ್ರುವರಿ 5ರಂದು, ಹೃದಯಾಘಾತದಿಂದ ತೀರಿಕೊಂಡರು. ಬೆಳ್ಳಿ ಮುಖವಾಡದೊಡನೆಯೇ ಅವರ ಸಮಾಧಿಯಾಯಿತು. ಹತ್ತು ಮಕ್ಕಳಲ್ಲಿ ಕಿರಿಯವರು ‘ಸಾಂತೊನ ಮಗ’ ಎಂಬ ಹೆಸರಿನಲ್ಲೇ ಅದೇ ಬೆಳ್ಳಿಯನ್ನು ಧರಿಸಿ ಕುಸ್ತಿಪಟುವಾದರು.

ಕುಸ್ತಿ ನೋಡಲು ದೊಕ್ತೋರೆಸ್ ಬಡಾವಣೆಯ ಅರೆನಾ ಮೆಹಿಕೊಗೆ ಶುಕ್ರವಾರ ರಾತ್ರಿ ಹೋಗಿ. ಮಕ್ಕಳಿದ್ದರೆ ಭಾನುವಾರ ಒಳ್ಳೆಯದು. 1956ರಲ್ಲಿ ತೆರೆದ ಈ ಕಟ್ಟಡದಲ್ಲಿ ಸುಮಾರು ಹದಿನಾರು ಸಾವಿರ ಜನ ಕೂರಬಹುದು. ಮುಖ್ಯ ಪಂದ್ಯಗಳಲ್ಲಿ ಮೂರು ಸುತ್ತುಗಳಿದ್ದು, ಎರಡನ್ನು ಗೆದ್ದವರು ವಿಜಯಿಗಳು. ಮರಳುವಾಗ ತಡವಾಗಿದ್ದರೆ ಆ ಬೀದಿಗಳಲ್ಲಿ ನಡೆಯದೆ ಟ್ಯಾಕ್ಸಿ ಹಿಡಿಯಿರಿ. ಹೊರಗೆ ಮುಖವಾಡ ಧರಿಸಿದ ಕುಸ್ತಿಪಟು ಎದುರಾದರೆ ಕೈಕುಲುಕಬಹುದು, ಹಸ್ತಾಕ್ಷರ ಕೇಳಬಹುದು. ಮುಖವಾಡವನ್ನು ಮುಟ್ಟಬಾರದು, ನಿಜನಾಮ ಕೇಳಬಾರದು.

ಬಾಗಿಲ ಬಳಿ ಸಾಲುಸಾಲಾಗಿ ಮುಖವಾಡ ಮಾರುತ್ತಾರೆ. ನನ್ನ ಮಗನಿಗೆ ಕೊಂಡ ದಿನ, ಅಂಗಡಿಯ ಅಜ್ಜಿ ಅವನನ್ನು ತಿರುಗಿಸಿ ನಿಲ್ಲಿಸಿ, ತಲೆಯ ಹಿಂದಿನ ದಾರವನ್ನು ಶೂ ಲೇಸಿನಂತೆ ಒಂದೊಂದೇ ರಂಧ್ರದಲ್ಲಿ ಪೋಣಿಸಿ ಬಿಗಿದು, ಕಣ್ಣಿನ ತೂತುಗಳನ್ನು ಹೆಬ್ಬೆರಳಿನಿಂದ ಸರಿಪಡಿಸಿದರು. ಆಮೇಲೆ ಅವನ ಹೆಸರನ್ನು ಕೇಳಲಿಲ್ಲ. “ಒಳಗೆ ಹೋಗು, ಸಾಂತೊ” ಎಂದರು.