ಅತ್ತೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ

ಮಗಳು ಹುಟ್ಟಿ ಮೂರು ವಾರಕ್ಕೆ ರಕ್ತದ ರಿಪೋರ್ಟ್ ಬಂತು. ಜೀವಕೋಶದಲ್ಲಿ 46 ಇರಬೇಕಾದ ಕ್ರೋಮೋಸೋಮು 47 ಇದ್ದವು, 21ನೆಯದು ಎರಡರ ಬದಲು ಮೂರು. ಡೌನ್ ಸಿಂಡ್ರೋಮ್. ಮನೆಗೆ ಬಂದಾಗ ಅತ್ತೆ ಅಂದದ್ದು ಒಂದೇ ಮಾತು: "ಗ್ರಹಣದ ದಿನ ಹೊರಗೆ ಬರಬೇಡ ಅಂತ ಬಡ್ಕೊಂಡೆ, ನೀನು ಕೇಳಲಿಲ್ಲ."

ಓದಿದವಳು ನಾನು. ಆದರೂ ಆ ಮಾತು ಒಳಗೆ ಕೂತುಬಿಟ್ಟಿತು. ರಾತ್ರಿ ಹಾಲೂಡಿಸುತ್ತಾ ಬಸುರಿಯಾಗಿದ್ದಾಗ ತಿಂದದ್ದು, ನುಂಗಿದ ಮಾತ್ರೆ, ಸ್ಕೂಟರಿನಲ್ಲಿ ಓಡಾಡಿದ್ದು ಎಲ್ಲವನ್ನೂ ಲೆಕ್ಕ ಹಾಕುತ್ತಿದ್ದೆ. ಅಳಬೇಕೆಂದರೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಡುತ್ತಿದ್ದೆ. ಗಂಡ ಕೆಲಸದಿಂದ ತಡವಾಗಿ ಬರತೊಡಗಿದರು. ಅವರೂ ಅಳುತ್ತಿದ್ದರು ಅಂತ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ.

ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕಿತ್ತು. ಆ ದಿನ ಹಟ ಹಿಡಿದು ಅತ್ತೆಯನ್ನೂ ಹೊರಡಿಸಿದೆ. ಅವರ ಎದುರಿಗೇ ಕೇಳಿದೆ, "ಡಾಕ್ಟ್ರೇ, ಇದು ಯಾತರಿಂದ ಆಯ್ತು?" ಡಾಕ್ಟರು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗ ಒಂದು ಜೋಡಿ ಕ್ರೋಮೋಸೋಮು ಬೇರೆಯಾಗದೆ ಉಳಿದುಬಿಟ್ಟಿದೆ. ಬಸುರಿಯಾಗುವ ಮೊದಲೇ ಆಗಿಹೋದದ್ದು, ಯಾರ ತಪ್ಪೂ ಅಲ್ಲ. ಗ್ರಹಣ ಬಂದಾಗ ನನಗೆ ಏಳು ತಿಂಗಳು. ಅತ್ತೆ ಆ ಹಾಳೆ ಇಸಕೊಂಡು, ಸಣ್ಣಗೆ ಮಡಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಮಗು ಅವರ ಮಡಿಲಲ್ಲಿತ್ತು. ನನ್ನಂಥ ತಾಯಂದಿರಿಗೆ ಮೊದಲು ಹೇಳುವುದು ಇದನ್ನೇ: ಮನೆಯಲ್ಲಿ ಯಾರ ಬಾಯಿಗೆ ಹೆದರುತ್ತೀರೋ ಅವರನ್ನೇ ಡಾಕ್ಟರ ಮುಂದೆ ಕೂರಿಸಿ.

ಎರಡನೆಯ ಆಸರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಬೆಂಚು. ಸ್ನಾಯು ಸಡಿಲವಾದ್ದರಿಂದ ಮಗಳು ರಾಗಿ ಸರಿಯನ್ನು ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದಳು. ಅವಳಿಗೆ ಬೇಡವೆಂದು ತಿಳಿದು ಅಳುತ್ತಿದ್ದೆ. ಪಕ್ಕದಲ್ಲಿ ಕೂತ ತಾಯಿಯೊಬ್ಬರು ಚಮಚವನ್ನು ನಾಲಿಗೆಯ ನಡುವೆ ಇಟ್ಟು ಮೆಲ್ಲಗೆ ಒತ್ತಿ ತೋರಿಸಿದರು. ತುಟಿ ಮುಚ್ಚಿತು, ನುಂಗಿದಳು. ಅಲ್ಲಿ ಯಾರೂ ನನ್ನನ್ನು "ಅಯ್ಯೋ ಪಾಪ" ಅನ್ನಲಿಲ್ಲ.

ದುಃಖ ಒಮ್ಮೆ ಬಂದು ಹೋಗಿಬಿಡುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಮಗಳು ಹುಟ್ಟಿದ ತಿಂಗಳೇ ಹುಟ್ಟಿದ ಪಕ್ಕದ ಮನೆ ಹುಡುಗ ನಡೆದಾಗ ಬಂತು. ನಮ್ಮವಳು ನಡೆದದ್ದು ಎರಡೂವರೆ ವರ್ಷಕ್ಕೆ. ಈಗ ಬರುವ ದಿನ ಮೊದಲೇ ಗೊತ್ತಾಗುತ್ತದೆ. "ಇವತ್ತು ನನ್ ಕೈಲಾಗಲ್ಲ ರೀ" ಅಂದರೆ ಗಂಡ ಅವಳನ್ನು ಪಾರ್ಕಿಗೆ ಕರೆದೊಯ್ಯುತ್ತಾರೆ. ಅವರು ಹಾಗಂದ ದಿನ ಅವರ ಪಾಲಿನ ಕೆಲಸವೂ ನನ್ನದು.

ಈ ಜೂನಿನಲ್ಲಿ ಸ್ಕೂಲಿಗೆ ಸೇರಿಸಲು ಹೋದಾಗ ಒಂದು ಕಡೆ ಬೇಡವೆಂದರು. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೇ ಕೂತು ಅತ್ತುಬಿಟ್ಟೆ. ಅತ್ತೆ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಏನೂ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.