ಎರಡೇ ಊದುವಾದ್ಯಗಳ ಕಛೇರಿ: ಕೇಳೋದು ಹೇಗೆ?

ಎರಡು ಕ್ಲಾರಿನೆಟ್, ಇಲ್ಲವೇ ಫ್ಲೂಟ್ ಜೊತೆ ಬಸೂನ್, ಅಷ್ಟೇ. ಪಿಯಾನೋ ಕೂಡ ಇರಲ್ಲ. ಅದಕ್ಕೇ ಮುಂದಿನ ಸಾಲಲ್ಲೇ ಕೂತುಕೊಳ್ಳಿ, ಉಸಿರು ಎಳೆಯುವ ಸದ್ದು, ಕೀಲಿಗಳ ಟಕಟಕ ಎಲ್ಲಾ ಕಿವಿಗೆ ಬೀಳುತ್ತದೆ.

ಹೋಗುವ ಮುಂಚೆ ಮನೇಲಿ ಫ್ರಾನ್ಸ್‌ನ ಸಂಗೀತ ರಚನೆಕಾರ ಪುಲೆಂಕ್ 1918ರಲ್ಲಿ ಎರಡು ಕ್ಲಾರಿನೆಟ್‌ಗೆ ಬರೆದ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ) ಕೇಳಿ. ಮೂರು ಭಾಗ ಇದ್ದರೂ ತುಂಬಾ ಚಿಕ್ಕದು. ಒಂದು ಬಿ ಫ್ಲ್ಯಾಟ್ ಶ್ರುತಿಯ ಕ್ಲಾರಿನೆಟ್, ಇನ್ನೊಂದು ಅದಕ್ಕಿಂತ ಸ್ವಲ್ಪ ಉದ್ದದ, ಎ ಶ್ರುತಿಯ ಕ್ಲಾರಿನೆಟ್. ಮೊದಲ ಸಲ ಮೇಲಿನ ದನಿಯ ಹಿಂದೆ ಹೋಗಿ, ಎರಡನೇ ಸಲ ಕೆಳಗಿನದನ್ನು ಮಾತ್ರ ಹಿಡಿಯಿರಿ, ಆಗಲೇ ನಿಜವಾದ ಮಜಾ. ಸ್ವರಗಳು ತಿಕ್ಕಾಡಿದರೆ ಅಪಸ್ವರ ಅಂತ ಮುಖ ಸಿಂಡರಿಸಬೇಡಿ, ಬೇಕಂತಲೇ ಬರೆದದ್ದು ಅಲ್ವಾ!

ಭಾಗಗಳ ನಡುವೆ ಸುಮ್ನಿರಿ. ಇಬ್ಬರೂ ವಾದ್ಯ ಕೆಳಗಿಳಿಸಿದ ಮೇಲೆ ಜೋರಾಗಿ ಚಪ್ಪಾಳೆ ತಟ್ಟಿ.